ಗಾಜಿನೊಳಗಿನ ಕಂಬಳಿ

‘ಮುಟ್ಟಬಾರದು’ ಎಂಬ ಬೋರ್ಡಿನ ಪಕ್ಕದಲ್ಲೇ ನಮ್ಮವ್ವ ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ನಿಂತಿದ್ದಳು. ಒಳಗೆ ಒಂದು ಕರಿ ಕಂಬಳಿ.

“ಏನ್ ಬರ್ದಾರೆ ಓದೋ,” ಅಂದಳು.

ಓದಿದೆ. ‘ಮೀನುಗಾರರ ಹೊದಿಕೆ. ಎಲ್ಲಿಯದು, ಯಾರು ಮಾಡಿದ್ದು ತಿಳಿದಿಲ್ಲ.’

“ಯಾಕ್ ತಿಳಿಯಲ್ಲ? ನಮ್ ಕಡೇದು ಕಣೋ ಇದು.”

ನಾನಾಗ ಅರ್ಧ ನಿದ್ದೆಯಲ್ಲಿದ್ದೆ. ಚಳ್ಳಕೆರೆಯಿಂದ ಕರಾವಳಿಗೆ ಎರಡು ಬಸ್ಸು, ಅಲ್ಲಿಂದ ಈ ಪುಟ್ಟ ದ್ವೀಪಕ್ಕೆ ದೋಣಿ. ಒಮ್ಮೆ ಸಮುದ್ರ ತೋರಿಸು ಎಂದು ಅವ್ವ ವರ್ಷಗಳಿಂದ ಕೇಳುತ್ತಿದ್ದಳು, ನಾನು ವರ್ಷಗಳಿಂದ ಮುಂದೂಡುತ್ತಿದ್ದೆ. (ಐವತ್ತು ದಾಟಿದ ಮೇಲೆ ಪ್ರವಾಸವೆಂದರೆ ಬ್ಯಾಗು ಹೊರುವ ಇನ್ನೊಂದು ಡ್ಯೂಟಿ. ಅಲ್ಲವೇ?) ದ್ವೀಪದಲ್ಲಿ ಇದ್ದದ್ದು ಒಂದಷ್ಟು ಮೀನುಗಾರರ ಮನೆ, ಒಣಹಾಕಿದ ಬಲೆಗಳು, ಉರಿಬಿಸಿಲು. ಹಳೇ ಶಾಲೆಯ ಕೋಣೆಯೊಂದರಲ್ಲಿ ಊರಿನ ಮ್ಯೂಸಿಯಂ. ಅಲ್ಲಿ ಫ್ಯಾನ್ ತಿರುಗುತ್ತಿತ್ತು. ನಾನು ಒಳಗೆ ಹೋದದ್ದು ಅಷ್ಟಕ್ಕೇ.

ಮ್ಯೂಸಿಯಂ ನೋಡಿಕೊಳ್ಳುವವರು ಕಡಲಿಗೆ ಇಳಿಯುವುದನ್ನು ಬಿಟ್ಟ ಒಬ್ಬ ಹಿರಿಯ ಮೀನುಗಾರ. ಕುರ್ಚಿಯಿಂದ ಎದ್ದು ಬಂದರು.

“ಮುಟ್ಟಬಾರದಮ್ಮ ಅದನ್ನು.”

“ಇಂಥವನ್ನ ಮುಟ್ಕಂತಲೇ ಬದುಕಿದೋಳು ನಾನು. ನಡುವೆ ಹೊಲಿಗೆ ಐತಲ್ಲ, ನೋಡ್ರಿ. ಎರಡು ಪಟ್ಟಿ ನೇಯ್ದು ಕೂಡಿಸ್ತೀವಿ. ನೇಯೋರು ಗಂಡಸ್ರು, ಹೊಲಿಯೋರು ನಾವು. ಇದು ನಾನೇ ಹೊಲಿದದ್ದೋ ಅಲ್ವೋ ಹೇಳಾಕಾಗಲ್ಲ. ಕೈ ಮಾತ್ರ ನಮ್ದೇ.”

ಅವ್ವ ಹೇಳಿದ್ದು ಸುಳ್ಳಲ್ಲ. ಅಪ್ಪ ಮೊಳಕಾಲ್ಮೂರು ಕಡೆಯ ಕುರಿಗಾರರಿಂದ ಉಣ್ಣೆ ತರುತ್ತಿದ್ದ. ಅವ್ವ ನೂಲುತ್ತಿದ್ದಳು. ನಡುಮನೆಯ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಅಪ್ಪ ಮಗ್ಗದಲ್ಲಿ ನೇಯುತ್ತಿದ್ದ. ಮನೆ ತುಂಬ ನೂಲಿಗೆ ಬಳಿಯುವ ಹುಣಸೆಬೀಜದ ಗಂಜಿಯ ವಾಸನೆ. ಸಂತೆಗೆ ಬಂದ ವ್ಯಾಪಾರಿಗಳು ಕಂಬಳಿ ಕಟ್ಟಿಕೊಂಡು ಘಟ್ಟದ ಕೆಳಗೆ ಇಳಿದರೆ ಮುಗಿಯಿತು. ಆಮೇಲೆ ಅವನ್ನು ಯಾರು ಹೊದ್ದರು? ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ.

ಆ ಹಿರಿಯರು ಅವ್ವನ ಬೆರಳುಗಳನ್ನು ನೋಡಿದರು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದು ಗಾಜಿನ ಪೆಟ್ಟಿಗೆಯ ಬಾಗಿಲು ತೆರೆದರು.

“ಇದು ನನ್ನ ಅಪ್ಪನದ್ದು,” ಅಂದರು. “ದೋಣಿಯಲ್ಲಿ ಇದನ್ನೇ ಹೊದೀತಿದ್ರು. ಒಂದು ದಿನ ತೊಳೆದು ಒಣಗಲಿಕ್ಕೆ ಹಾಕಿ ಹೋದ್ರು. ದೋಣಿ ವಾಪಸ್ ಬರಲಿಲ್ಲ. ಇದು ಉಳೀತು.”

ಅವ್ವ ಕಂಬಳಿಯ ಅಂಚನ್ನು ಬೆರಳಲ್ಲಿ ಹಿಡಿದು, ನಿಧಾನ ತಿರುವಿ ನೋಡಿದಳು. ಒಂದು ಕಡೆ ನುಸಿ ತಿಂದಿತ್ತು. ಅಲ್ಲಿ ಅಂಗೈಯಿಟ್ಟು ಕೇಳಿದಳು, “ನಿಮ್ಮಪ್ಪಗೆ ಬೆಚ್ಚಗಿತ್ತಾ?”

“ನೆನೆದ್ರೂ ಬೆಚ್ಚಗೇ ಅಂತಿದ್ರು ಅಮ್ಮ.”

ಇಬ್ಬರೂ ಸೇರಿ ಕಂಬಳಿಯನ್ನು ಮಡಿಸಿ ಒಳಗಿಟ್ಟರು. ನನ್ನ ನಿದ್ದೆ ಹಾರಿಹೋಗಿತ್ತು.

ಹೊರಡುವಾಗ, ಆ ಬರಹ ತಿದ್ದಬಹುದಲ್ಲ ಎಂದೆ. ಅವರು ತಲೆ ಕೆರೆದುಕೊಂಡರು. ಅದು ಪೇಟೆಯ ಆಫೀಸಿನಿಂದ ಪ್ರಿಂಟಾಗಿ ಬಂದದ್ದಂತೆ. ನಾನು ಅರ್ಜಿ ಕೊಡಬೇಕಂತೆ, ದಾಖಲೆ ಸಮೇತ. (ಬೆರಳಲ್ಲಿ ಮುಟ್ಟಿ ಗುರುತು ಹಿಡಿದದ್ದಕ್ಕೆ ಯಾವ ದಾಖಲೆ ಲಗತ್ತಿಸಲಿ?)

ವಾಪಸ್ ದೋಣಿಯಲ್ಲಿ ನನ್ನ ಬಾಯಿಗೆ ಬಿಡುವಿರಲಿಲ್ಲ. ಇವರಿಗೆ ಏನೂ ಗೊತ್ತಿಲ್ಲ, ಒಂದು ಫೋನ್ ಮಾಡಿದ್ದರೆ ಚಳ್ಳಕೆರೆಯಲ್ಲಿ ಯಾರಾದರೂ ಹೇಳುತ್ತಿದ್ದರು, ಇದೆಂಥ ಮ್ಯೂಸಿಯಂ ಎಂದು ಬೈಯುತ್ತಲೇ ಇದ್ದೆ. ಅವ್ವ ನೀರು ನೋಡುತ್ತಾ ಕೂತಿದ್ದಳು.

“ಅವ್ರು ತಿಳಿದಿಲ್ಲ ಅಂತನಾದ್ರೂ ಬರ್ದಾರೆ ಕಣೋ,” ಅಂದಳು. “ಗಾಜು ಹಾಕಿ ಇಟ್ಟಾರೆ. ನೀನು ಗುಂಡಿ ಮುಚ್ಚಿಸಿ ಟೈಲ್ಸ್ ಹಾಕ್ಸಿದೆ.”

ಸಿಟ್ಟಿನಿಂದ ಹೇಳಿದ್ದಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಒಳ್ಳೆಯದಿತ್ತು.

ಹೌದು, ಅಪ್ಪ ಹೋದ ಮರುವರ್ಷವೇ ಮಗ್ಗದ ಗುಂಡಿಗೆ ಮಣ್ಣು ತುಂಬಿಸಿದವನು ನಾನು. ಮಳೆಗಾಲದಲ್ಲಿ ತೇವ ಏಳುತ್ತದೆ, ಮಕ್ಕಳು ಬೀಳುತ್ತವೆ ಎಂದು ಕಾರಣ ಹೇಳಿದ್ದೆ. ನಿಜವಾದ ಕಾರಣ, ಸ್ಕೂಟರ್‌ಗೆ ಜಾಗ ಬೇಕಿತ್ತು. ಮಗ್ಗದ ಮರವನ್ನು ಯಾರು ಒಯ್ದರೆಂದು ಈಗ ನೆನಪಿಲ್ಲ. ಅವತ್ತು ಅವ್ವ ಏನೂ ಅಂದಿರಲಿಲ್ಲ. ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಒಪ್ಪಿಗೆ ಅಂದುಕೊಂಡೆ. ಮನೆಯಲ್ಲಿ ಸುಮ್ಮನಿರುವವರನ್ನೆಲ್ಲ ನಾವು ಒಪ್ಪಿದವರ ಲೆಕ್ಕಕ್ಕೆ ಸೇರಿಸುವುದಿಲ್ಲವೇ?

ಊರಿಗೆ ಬಂದು ಅರ್ಜಿ ಬರೆದು ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಬರುತ್ತದೆಂಬ ನಂಬಿಕೆಯೂ ಇಲ್ಲ.

ಮೊನ್ನೆ ಭಾನುವಾರ ಸ್ಕೂಟರ್ ಹೊರಗೆ ತಳ್ಳಿ, ಮಗಳನ್ನು ಆ ಟೈಲ್ಸ್ ಮೇಲೆ ಕೂರಿಸಿಕೊಂಡೆ. ನಿಮ್ಮ ತಾತ ಇಲ್ಲೇ ನೇಯುತ್ತಿದ್ದದ್ದು ಎಂದೆ. ಮಗ್ಗದಲ್ಲಿ ಏನೇನಿರುತ್ತೆ ಹೇಳಪ್ಪಾ ಎಂದು ನೋಟ್‌ಬುಕ್ ತೆರೆದು ಕೂತಳು.

ಲಾಳಿ ಅಂದೆ. ಗಂಜಿ ಬಳಿಯೋ ಕುಂಚ ಅಂದೆ.

“ಆಮೇಲೆ?” ಅಂದಳು.