ಹುನಗುಂದದ ಗೋಲಿಗೆ ಹತ್ತಕ್ಕೆ ನಾಲ್ಕು

“ಇದು ಯಾವ ಪಕ್ಷದ ಬಾವುಟ?” ಎಂದು ನಾನು ಕೇಳಿದ್ದೇ ತಡ, ಕಂಬದ ಸುತ್ತ ನಿಂತು ಕೂಗಾಡುತ್ತಿದ್ದವರೆಲ್ಲ ತಲೆ ಎತ್ತಿ ನನ್ನನ್ನೇ ನೋಡಿದರು. ಆಮೇಲೆ ಯಾರೋ ಕಿಸಕ್ಕನೆ ನಕ್ಕರು. ನಾನು ಕಂಬದ ನಡುವೆ ಬೆಲ್ಟ್ ಬಿಗಿದುಕೊಂಡು ನೇತಾಡುತ್ತಿದ್ದೆ. ತಲೆಯ ಮೇಲೆ ನೀಲಿ ಬಿಳಿ ಪಟ್ಟೆಯ ಬಾವುಟ, ನಡುವೆ ಒಂದು ಸೂರ್ಯ.

“ಪಕ್ಷ ಅಲ್ಲ ಮೋನೇ, ಅದು ಅರ್ಜೆಂಟೀನಾ,” ಎಂದರು ಕೆಳಗಿದ್ದ ಬಿಳಿ ಗಡ್ಡದವರು. ಮೋನೇ ಎಂದರೆ ಮಗನೇ ಎಂದು ಆಮೇಲೆ ತಿಳಿಯಿತು.

ಕೊಡಗಿನಲ್ಲಿ ನನ್ನ ಮೊದಲ ಡ್ಯೂಟಿ ಇದು. ಹುನಗುಂದ ತಾಲ್ಲೂಕಿನ ಹಳ್ಳಿಯಿಂದ ಲೈನ್‌ಮನ್ ಕೆಲಸಕ್ಕೆಂದು ಬಂದು ಎರಡು ದಿನವಾಗಿತ್ತು. ಮಾದಾಪುರದಿಂದ ಸೋಮವಾರಪೇಟೆಗೆ ಹೋಗುವ ದಾರಿಯಲ್ಲಿನ ಒಂದು ಸಣ್ಣ ಪೇಟೆ. ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕೂತು ಬಂದರೂ ನಾನು ಕರ್ನಾಟಕದಲ್ಲೇ ಇದ್ದೇನೆ ಎಂಬ ಧೈರ್ಯವಿತ್ತು. ಆದರೆ ಇಲ್ಲಿ ನೋಡಿದರೆ ರಸ್ತೆಯ ಈ ಬದಿ ಅರ್ಜೆಂಟೀನಾ, ಆ ಬದಿ ಬ್ರೆಜಿಲ್, ಬಸ್ ಸ್ಟ್ಯಾಂಡಿನ ಮೇಲೆ ಪೋರ್ಚುಗಲ್. ಅದು ಫುಟ್‌ಬಾಲ್ ವಿಶ್ವಕಪ್ಪಿನ ನವೆಂಬರ್ ತಿಂಗಳು ಎಂಬುದು ನನಗೆ ತಿಳಿದೇ ಇರಲಿಲ್ಲ. ನಮ್ಮ ಕಡೆ ಆಟವೆಂದರೆ ಕಬಡ್ಡಿ, ನೋಡುವುದಕ್ಕೆ ಕ್ರಿಕೆಟ್ಟು.

ಬಾವುಟ ತಂತಿಗೆ ತಾಗುವಂತಿದೆ ಎಂದು ದೂರು ಕೊಟ್ಟವರು ಸೈನ್ಯದಿಂದ ನಿವೃತ್ತರಾದ ಸುಬೇದಾರ್ ಪೊನ್ನಪ್ಪ. ಅವರೂ ಅಲ್ಲೇ ಛತ್ರಿ ಊರಿಕೊಂಡು ನಿಂತಿದ್ದರು. “ತೆಗಿ ಅದನ್ನ. ನಮ್ಮ ದೇಶದ ಬಾವುಟ ವರ್ಷಕ್ಕೆ ಎರಡು ಸಲ ಕಟ್ಟೋರಿಗೆ ಇದೊಂದು ದೊಡ್ಡದು.”

“ನಮ್ಮ ದೇಶ ಆಡಲಿ ಸುಬೇದಾರೆ, ನನ್ನ ಅಂಗಡಿಯನ್ನೇ ಬಾವುಟ ಮಾಡ್ತೇನೆ,” ಎಂದರು ಬಿಳಿ ಗಡ್ಡದ ಹಂಸ ಕಾಕ. ಎದುರಿನ ಚಹಾದಂಗಡಿ ಅವರದು.

ಬಾವುಟ ಬಿಚ್ಚಿದೆ. ಆದರೆ ಮಡಚಿ ಒಯ್ಯುವ ಮನಸ್ಸಾಗಲಿಲ್ಲ. ಒಂದು ಬಿದಿರು ತರಿಸಿ, ತಂತಿಯಿಂದ ದೂರ, ಕಾಕನ ಅಂಗಡಿಯ ಚಾವಣಿಗೆ ಆನಿಸಿ ಕಟ್ಟಿಸಿಕೊಟ್ಟೆ. ನಿಯಮದ ಪ್ರಕಾರ ಸರಿಯಾಗಿದೆಯೇ ಎಂದು ಪೊನ್ನಪ್ಪನವರು ಎರಡು ಸಲ ಸುತ್ತು ಬಂದು ನೋಡಿದರು. ತಪ್ಪು ಸಿಗಲಿಲ್ಲ. “ಎಲ್ಲಿಯವ ನೀನು? ಇರಲಿಕ್ಕೆ ಮನೆ ಉಂಟಾ?” ಎಂದು ಕೇಳಿದರು.

ಇರಲಿಲ್ಲ. ಅವರ ಕಾಫಿ ತೋಟದಲ್ಲಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಮನೆಗಳಿದ್ದವು. ಇಲ್ಲಿ ಅದಕ್ಕೆ ಲೈನ್‌ಮನೆ ಅನ್ನುತ್ತಾರೆ. ಕೊನೆಯದು ಖಾಲಿ ಇತ್ತು. ಲೈನ್‌ಮನ್‌ಗೆ ಲೈನ್‌ಮನೆ ಎಂದು ನನ್ನ ಜೊತೆ ಕೆಲಸ ಮಾಡುವ ಲೋಕೇಶ ಇಡೀ ವಾರ ನಕ್ಕ.

ನಮ್ಮೂರಿನಲ್ಲಿ ಹೊಲದಲ್ಲಿ ನಿಂತರೆ ಒಂದು ಮೈಲಿ ದೂರದಲ್ಲಿ ಬರುವವನ ನಡಿಗೆ ನೋಡಿಯೇ ಯಾರೆಂದು ಹೇಳಬಹುದು. ಇಲ್ಲಿ ಹತ್ತು ಮಾರು ಆಚೆಗಿನ ಕಂಬ ಮಂಜಿನಲ್ಲಿ ಕಾಣುವುದಿಲ್ಲ. ಅಲ್ಲಿ ಒಗೆದ ಬಟ್ಟೆ ಹಿಂಡುವಷ್ಟರಲ್ಲಿ ಒಣಗಿರುತ್ತದೆ. ಇಲ್ಲಿ ಜೂನ್‌ನಲ್ಲಿ ಒಗೆದ ಅಂಗಿಯನ್ನು ಒಲೆಯ ಮೇಲೆ ನೇತುಹಾಕಿ, ಹೊಗೆ ವಾಸನೆಯ ಸಮೇತ ತೊಟ್ಟುಕೊಳ್ಳಬೇಕು. ಅಕ್ಕ ಕಟ್ಟಿ ಕಳಿಸಿದ ಜೋಳದ ಹಿಟ್ಟು ಮೊದಲ ಮಳೆಗೇ ಬೂಸಲು ಹಿಡಿಯಿತು. ಲೋಕೇಶನ ಮನೆಯಲ್ಲಿ ಅಕ್ಕಿ ರೊಟ್ಟಿ, ಪೊನ್ನಪ್ಪನವರ ಮನೆಯಲ್ಲಿ ಅಕ್ಕಿಯ ಕಡುಬು, ಕಾಕನ ಅಂಗಡಿಯಲ್ಲಿ ಅಕ್ಕಿಯ ಪತ್ತಿರಿ. ಅಕ್ಕಿಗೆ ಇಷ್ಟು ಹೆಸರಿರುವುದು ಗೊತ್ತಾಗಿದ್ದೇ ಇಲ್ಲಿ. ಒಂದು ಭಾನುವಾರ ಕಾಕ ಕುಶಾಲನಗರದಿಂದ ಜೋಳದ ಹಿಟ್ಟು ತರಿಸಿ, “ನಿನ್ನ ಊರಿನ ಪತ್ತಿರಿ ಮಾಡು ನೋಡುವ” ಎಂದು ಒಲೆ ಬಿಟ್ಟುಕೊಟ್ಟರು. ನಾನು ರೊಟ್ಟಿ ಬಡಿಯುವ ಸದ್ದಿಗೆ ಬಸ್ಸಿಗೆ ಕಾಯುತ್ತಿದ್ದವರೂ ಒಳಗೆ ಬಂದು ನಿಂತರು. ಕಾಕ ಎಂಬ ಶಬ್ದ ನಮ್ಮ ಕಡೆಯೂ ಉಂಟು, ಅಪ್ಪನ ತಮ್ಮನಿಗೆ ಹಾಗೆ ಕರೆಯುತ್ತೇವೆ. ಹಾಗಾಗಿ ಅವರನ್ನು ಕರೆಯುವಾಗ ನನಗೆ ಬಾಯಿ ಕಟ್ಟುತ್ತಿರಲಿಲ್ಲ.

ಆ ವಿಶ್ವಕಪ್ಪಿನ ಸಂಜೆಗಳನ್ನೆಲ್ಲ ನಾನು ಕಾಕನ ಅಂಗಡಿಯ ಮೂಲೆಯ ಬೆಂಚಿನಲ್ಲೇ ಕಳೆದೆ. ಒಂಟಿ ಕೋಣೆಗೆ ಹೋಗುವುದಕ್ಕಿಂತ ಅದು ವಾಸಿ. ಟೀವಿಗಿಂತ ಜಗಳವೇ ಜೋರು. ಒಮ್ಮೆ ಮೊರಾಕೊ ದೇಶದ ಆಟವಿತ್ತು. ಆ ತಂಡದಲ್ಲಿ ಹಲವರು ಹುಟ್ಟಿದ್ದು ಯುರೋಪಿನಲ್ಲಂತೆ, ಆಡುವುದು ಅಪ್ಪ ಅಮ್ಮನ ದೇಶಕ್ಕಂತೆ.

ಪೊನ್ನಪ್ಪನವರಿಗೆ ಅದು ಒಪ್ಪಿಗೆಯಾಗಲಿಲ್ಲ. “ಹುಟ್ಟಿದ್ದು ಒಂದು ಕಡೆ, ಆಡೋದು ಇನ್ನೊಂದು ಕಡೆ. ಸೈನ್ಯದಲ್ಲಿ ಹೀಗೆ ಮಾಡಿದ್ರೆ ಅದಕ್ಕೆ ಎಂತ ಹೇಳ್ತಾರೆ ಗೊತ್ತುಂಟಾ?”

“ನನ್ನ ಉಪ್ಪ ಕೇರಳದಿಂದ ಮಾಕುಟ್ಟದ ದಾರಿಯಲ್ಲಿ ನಡ್ಕೊಂಡು ಈ ಕಡೆ ಬಂದವರು,” ಎಂದರು ಕಾಕ. ಉಪ್ಪ ಎಂದರೆ ಅಪ್ಪ. “ನಾನು ಹುಟ್ಟಿದ್ದು ಇಲ್ಲಿ. ಕೇರಳದ ಟೀಂ ಆಡಿದ್ರೆ ಅವರಿಗೆ ಕೂಗ್ತೇನೆ, ಕರ್ನಾಟಕ ಆಡಿದ್ರೆ ಇವರಿಗೆ ಕೂಗ್ತೇನೆ.”

“ಎರಡೂ ಎದುರೆದುರು ಬಂದ್ರೆ?”

“ಅವತ್ತು ಅಂಗಡಿಗೆ ರಜೆ.”

ಗೋಡೆಯ ಮೇಲೆ ಹಿಂದೆ ತಿಂಡಿಯ ಹೆಸರು ಬರೆಯುತ್ತಿದ್ದ ಕರಿಹಲಗೆ ಇತ್ತು. ಆಟ ಮುಗಿದ ಮೇಲೆ ಅದರಲ್ಲಿ ಒಬ್ಬೊಬ್ಬ ಆಟಗಾರನಿಗೂ ಹತ್ತಕ್ಕೆ ಇಷ್ಟು ಎಂದು ಅಂಕ ಬರೆಯುತ್ತಿದ್ದರು. ಎಲ್ಲರೂ ಕೂಗುವುದು, ಕಾಕ ಕಿವಿಯಲ್ಲೇ ಲೆಕ್ಕ ಹಾಕಿ ಒಂದು ಅಂಕಿ ನಿಲ್ಲಿಸುವುದು. ಒಂದು ದಿನ ಸೋತ ತಂಡದಲ್ಲಿ ಗೋಲಿನ ಮುಂದೆ ಕಾವಲು ನಿಲ್ಲುವ ಇಬ್ಬರು ಒಂದೇ ಬಗೆಯ ತಪ್ಪು ಮಾಡಿದ್ದರು. ಒಬ್ಬನಿಗೆ ಆರು ಸಿಕ್ಕಿತು. ಇನ್ನೊಬ್ಬ ಬೇರೆ ದೇಶದಿಂದ ವಲಸೆ ಬಂದವರ ಮಗ, ಅವನಿಗೆ ಮೂರು. “ಅವನಿಗೆ ಆ ದೇಶದ ಮೇಲೆ ಪ್ರೀತಿ ಇದ್ರೆ ಅಲ್ವಾ ಓಡೋದು,” ಎಂದು ಹಿಂದಿನಿಂದ ಯಾರೋ ಹೇಳಿದರು.

ಅಷ್ಟು ದಿನ ಬಾಯಿ ಬಿಡದಿದ್ದ ನಾನು ಅವತ್ತು ತಡೆಯಲಾರದೆ ಕೇಳಿಬಿಟ್ಟೆ. “ಇಬ್ರೂ ಮಾಡಿದ್ದು ಒಂದ ತಪ್ಪಲ್ರಿ. ಅವಗ ಆರು, ಇವಗ ಯಾಕ ಮೂರು?”

ನನ್ನ ಮಾತಿನ ಧಾಟಿಗೋ ಏನೋ, ಎಲ್ಲರೂ ತಿರುಗಿ ನೋಡಿದರು. ಯಾಕಾದರೂ ಕೇಳಿದೆನೋ ಎನಿಸಿತು. ಆಗ ಮಾತಾಡಿದವರು ಪೊನ್ನಪ್ಪ. “ಅವ ಕೇಳಿದ್ದು ಸರಿ ಉಂಟು. ಇಬ್ಬರಿಗೂ ನಾಲ್ಕು ಬರಿ ಹಂಸ.”

ಕಾಕ ಬರೆಯಲಿಲ್ಲ. ಚಾಕ್‌ಪೀಸನ್ನು ನನ್ನ ಕೈಗೆ ಕೊಟ್ಟರು. ಅವತ್ತಿನಿಂದ ಬರೆಯುವ ಕೆಲಸ ನನ್ನದಾಯಿತು.

ಮರುವರ್ಷದ ಮಳೆಗಾಲದಲ್ಲಿ ಗಾಳಿಗೆ ಮರಗಳು ಮಲಗಿ ನಮ್ಮ ಸೆಕ್ಷನ್ನಿನ ಅರ್ಧ ಕಂಬಗಳು ಉರುಳಿದವು. ಹತ್ತು ದಿನ ಕರೆಂಟಿಲ್ಲ. ನಮ್ಮೂರಲ್ಲಿ ಹತ್ತು ನಿಮಿಷ ಹೋದರೆ ಲೈನ್‌ಮನ್‌ನ ಮನೆತನವನ್ನೆಲ್ಲ ಬೈಯುತ್ತಾರೆ. ಇಲ್ಲಿ ಕಾಲಿಗೆ ಜಿಗಣೆ ಹತ್ತಿಸಿಕೊಂಡು ಮೈಯೆಲ್ಲ ತೊಯ್ದು ಹೋದರೆ, ಜನ ಬಿಸಿನೀರು, ಬೆಲ್ಲದ ಕಾಫಿ ಹಿಡಿದು ದಾರಿಯಲ್ಲಿ ನಿಂತಿರುತ್ತಿದ್ದರು. “ನಿಧಾನ ಮಾಡಿ, ಇವತ್ತಾಗದಿದ್ರೆ ನಾಳೆ,” ಎನ್ನುತ್ತಿದ್ದರು.

ಮಳೆ ಮುಗಿದ ಮೇಲಿನ ಮಾತು. ಆಟದ ಮೈದಾನದ ಪಕ್ಕದ ಕಂಬದಿಂದ ಇಳಿಯುತ್ತಿದ್ದೆ. ಚೆಂಡೊಂದು ನನ್ನ ಮುಖದತ್ತ ಹಾರಿ ಬಂತು. ಒಂದು ಕೈಯಲ್ಲಿ ಕಂಬ ತಬ್ಬಿಕೊಂಡು ಇನ್ನೊಂದು ಕೈಯಲ್ಲಿ ಹಿಡಿದೆ. ಮೈದಾನದಲ್ಲಿ ಹುಯಿಲೆದ್ದಿತು. ಪೇಟೆಯ ತಂಡದ ಗೋಲ್‌ಕೀಪರ್ ದುಬೈಗೆ ಕೆಲಸಕ್ಕೆ ಹೋಗಿ ಒಂದು ತಿಂಗಳಾಗಿತ್ತಂತೆ.

“ಎಂತ ಮಾರಾಯ, ನಾಳೆಯಿಂದ ನೀನೇ ಗೋಲಿ,” ಎಂದ ಲೋಕೇಶ. ತಂಡಕ್ಕೆ ಅವನೇ ಕ್ಯಾಪ್ಟನ್. ಗೋಲ್‌ಕೀಪರನ್ನು ಇಲ್ಲಿ ಗೋಲಿ ಅನ್ನುತ್ತಾರೆ. ನನಗೆ ಗೊತ್ತಿದ್ದ ಗೋಲಿ ಸೋಡಾ ಬಾಟಲಿಯೊಳಗಿನದು ಮಾತ್ರ. ಕಬಡ್ಡಿಯಲ್ಲಿ ಎದುರಾಳಿಯ ಕಾಲಿಗೆ ಹಾರುತ್ತಿದ್ದವನಿಗೆ ಚೆಂಡಿಗೆ ಹಾರುವುದು ಕಲಿಯಲು ಬಹಳ ದಿನ ಹಿಡಿಯಲಿಲ್ಲ.

ಬೇಸಿಗೆಯಲ್ಲಿ ಸುತ್ತಲಿನ ಊರುಗಳ ಪಂದ್ಯಾವಳಿ ಬಂತು. ಸಮಿತಿಯ ಅಧ್ಯಕ್ಷರು ಪೊನ್ನಪ್ಪ. ಆಯಾ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ಮಾತ್ರ ಆಯಾ ಊರಿಗೆ ಆಡಬೇಕು ಎಂಬುದು ಹಳೆಯ ನಿಯಮ. ಆಟಕ್ಕೆ ಮುಂಚೆ ಎದುರು ತಂಡದವರು ತಕರಾರು ತೆಗೆದರು. “ಈ ಗೋಲಿ ಬಿಜಾಪುರದ ಕಡೆಯವ. ಅಧ್ಯಕ್ಷರ ಲೈನ್‌ಮನೆಯಲ್ಲೇ ಇರೋದು ಅಂತ ಬಿಡ್ತೀರಾ?”

ಪೊನ್ನಪ್ಪನವರು ನನ್ನನ್ನು ಕರೆದರು. “ಲಿಸ್ಟಿನಲ್ಲಿ ಹೆಸರುಂಟಾ?”

“ಊರಾಗ ಐತ್ರಿ ಸರ್.”

“ಯಾವ ಊರು?”

“ಹುನಗುಂದ ಕಡೆ.”

ಕಾಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನಾನು ಸುಳ್ಳು ಹೇಳಬಹುದಿತ್ತು. ಆದರೆ ಊರು ಯಾವುದು ಎಂದು ಕೇಳಿದರೆ ಬೇರೆ ಹೆಸರು ನನ್ನ ಬಾಯಿಗೆ ಬರಲಿಲ್ಲ.

“ಹತ್ತು ದಿವಸ ಕತ್ತಲೆಯಲ್ಲಿ ಕೂತಾಗ ಕಂಬ ಹತ್ತಿದವ ಇವ,” ಎಂದು ಕಾಕ ಸಿಟ್ಟಿನಿಂದ ಮುಂದೆ ಬಂದರು. “ಅವತ್ತು ಲಿಸ್ಟ್ ನೋಡಿದ್ರಾ ಸುಬೇದಾರೆ?”

“ಅವತ್ತು ಅವ ಕೆಲಸ ಮಾಡಿದ. ಇದು ಆಟ. ನನ್ನ ಮನೆಯಲ್ಲಿರುವವ ಅಂತ ನಿಯಮ ಬಿಟ್ರೆ ನಾಳೆ ನಾನು ಈ ಕುರ್ಚಿಯಲ್ಲಿ ಕೂರುವ ಹಾಗಿಲ್ಲ.”

ನಾನು ಗ್ಲೌಸ್ ಕಳಚಿ ಮೈದಾನದ ಹೊರಗೆ ಕೂತೆ. ನಮ್ಮವರು ನಾಲ್ಕು ಗೋಲಿನಿಂದ ಸೋತರು. ಅಂಗಡಿಯ ಕಡೆ ಹೋಗದೆ ಮನೆಗೆ ಬಂದುಬಿಟ್ಟೆ. ಸ್ವಲ್ಪ ಹೊತ್ತಿಗೆ ಪೊನ್ನಪ್ಪನವರೇ ಬಾಗಿಲಿಗೆ ಬಂದರು.

“ಕೋಪ ಬಂತಾ?”

“ಇಲ್ರಿ ಸರ್.”

“ಬಂದಿರಬೇಕು. ಬರದಿದ್ರೆ ನೀನು ಇಲ್ಲಿಯವ ಆಗೋದು ಹೇಗೆ?” ಎಂದು ಜೇಬಿನಿಂದ ಒಂದು ಅರ್ಜಿ ತೆಗೆದು ಮುಂದೆ ಹಿಡಿದರು. ಮತದಾರರ ಪಟ್ಟಿಯಲ್ಲಿ ಸ್ಥಳ ಬದಲಾವಣೆಯ ಅರ್ಜಿ. ಇಲ್ಲಿ ವಾಸವಿದ್ದಾನೆ ಎಂದು ತಾವೇ ಪತ್ರ ಬರೆದು ಸಹಿ ಮಾಡಿ ಜೊತೆಗೆ ಲಗತ್ತಿಸಿದ್ದರು.

ಹೆಸರು ಇಲ್ಲಿ ಸೇರಬೇಕಾದರೆ ಅಲ್ಲಿಂದ ತೆಗೆಯಬೇಕು. ಅದು ನನಗೆ ಹೊಳೆದದ್ದು ಪೆನ್ನು ಹಿಡಿದ ಮೇಲೆ. ಆ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಅಕ್ಕನ ಹೆಸರು, ಅದರ ಮೇಲೆ ತೀರಿಕೊಂಡ ಅಪ್ಪನ ಹೆಸರಿದ್ದ ಜಾಗ. ಅರ್ಜಿ ಒಂದು ವಾರ ಹಾಗೇ ಇತ್ತು. ಕೊನೆಗೆ ಅಕ್ಕನಿಗೆ ಫೋನ್ ಮಾಡಿದೆ.

“ಹಂಗಂದ್ರ ಇಲ್ಲಿ ನಿನ್ನ ಹೆಸರು ಹೊಡದ ಹಾಕ್ತಾರೇನೋ ಬಸ್ಯಾ?” ಎಂದಳು.

“ಪಟ್ಟಿಯೊಳಗಿಂದ ಅಷ್ಟ ಅಕ್ಕಾ.”

ಆ ಕಡೆ ಅಕ್ಕ ಹೆಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದ ಸದ್ದು ಕೇಳಿತು. ಆಮೇಲೆ ಅಂದಳು, “ಪಟ್ಟಿಯೊಳಗಿಂದ ಹ್ವಾದ್ರ ಮನ್ಯಾಗಿಂದ ಹ್ವಾದಂಗೇನು? ಹಾಕು ಸಹಿ. ಖರೆ, ವರ್ಷಕ್ಕೊಮ್ಮೆ ಬರೂದು ಮಾತ್ರ ಬಿಡಬ್ಯಾಡ.”

ಸಹಿ ಹಾಕಿದೆ.

ಮರುವರ್ಷ ನನ್ನ ಹೆಸರಿಗೆ ಯಾರ ತಕರಾರೂ ಇರಲಿಲ್ಲ. ಸೆಮಿಫೈನಲ್ಲಿನಲ್ಲಿ ಒಂದು ಪೆನಾಲ್ಟಿ ಹಿಡಿದೆ. ಲೋಕೇಶ ನನ್ನನ್ನು ಎತ್ತಿಕೊಂಡು ಓಡಿದ. ಫೈನಲ್ ದಿನ ಬೇಸಿಗೆಯ ಮಳೆ ಜೋರಾಗಿ ಹೊಡೆಯಿತು. ಕೊನೆಯ ನಿಮಿಷದವರೆಗೆ ಸಮ. ಆಗ ಒಂದು ಚೆಂಡು ನಿಧಾನವಾಗಿ ನನ್ನತ್ತ ಉರುಳಿ ಬಂತು. ಮಕ್ಕಳೂ ಹಿಡಿಯುವಂಥದ್ದು. ಒದ್ದೆ ಗ್ಲೌಸಿನಿಂದ ಜಾರಿ ಕಾಲ ನಡುವೆ ಹೋಗಿ ಗೆರೆ ದಾಟಿತು. ಆಟ ಮುಗಿದ ಸೀಟಿ ಕೇಳಿಸಿತು. ನಾನು ಕೆಸರಿನಲ್ಲಿ ಮುಖ ಹುದುಗಿಸಿ ಮಲಗಿಬಿಟ್ಟೆ.

ಮನಸ್ಸಿಲ್ಲದಿದ್ದರೂ ಅಂಗಡಿಗೆ ಹೋದೆ. ಸೋತಾಗ ಯಾರಿಗೆ ಎಷ್ಟು ಅಂಕ ಬೀಳುತ್ತದೆ, ಯಾಕೆ ಬೀಳುತ್ತದೆ ಎಂಬುದನ್ನು ನಾನೇ ಬರೆದು ಬರೆದು ತಿಳಿದವನು. ಊರು ಸೋತರೆ ಹೊರಗಿನವನಿಗೆ ಏನು ಉರಿ ಎಂಬ ಮಾತಿಗೆ ಕಾಯುತ್ತಾ ಒಳಗೆ ಕಾಲಿಟ್ಟೆ. ಬೈಗುಳ ಶುರುವಾಯಿತು. ಕನ್ನಡ, ಮಲಯಾಳ, ಕೊಡವ, ಅರೆಭಾಷೆ, ಎಲ್ಲದರಲ್ಲೂ ಬೈದರು.

“ಅಷ್ಟು ದಪ್ಪ ಕಂಬ ಹಿಡೀತೀಯ, ಒಂದು ಚೆಂಡು ಹಿಡಿಯಲಿಕ್ಕೆ ಆಗಲ್ವಾ?” ಎಂದು ಲೋಕೇಶ ಮೇಜು ಗುದ್ದಿದ.

“ಕಣ್ಣು ಎಲ್ಲಿತ್ತು ಮೋನೇ, ತಂತಿ ಮೇಲಾ?” ಎಂದರು ಕಾಕ. “ಎರಡು ಬರಿ. ಅಲ್ಲ, ಮೂರು.”

ನಾನು ಚಾಕ್‌ಪೀಸ್ ಹಿಡಿದು ಹಲಗೆಯ ಮುಂದೆ ನಿಂತೆ.

“ಸೆಮಿಫೈನಲ್ಲಿನ ಪೆನಾಲ್ಟಿಗೆ ಒಂದು ಸೇರಿಸು,” ಎಂದರು ಮೂಲೆಯಿಂದ ಪೊನ್ನಪ್ಪ. “ನಾಲ್ಕು. ಅದಕ್ಕಿಂತ ಒಂದೂ ಹೆಚ್ಚಿಲ್ಲ.”

ನಾಲ್ಕು ಎಂದು ಬರೆದೆ. ಆ ಒಂದು ಗಂಟೆಯ ಬೈಗುಳದಲ್ಲಿ ನಾನು ಕಣ್ಣಿಲ್ಲದವನಾದೆ, ಕೈಯಿಲ್ಲದವನಾದೆ, ನಿದ್ದೆಬುರುಕನಾದೆ. ಹೊರಗಿನವ ಎಂದು ಮಾತ್ರ ಯಾರೂ ಅನ್ನಲಿಲ್ಲ. ಹಲಗೆಗೆ ಮುಖ ಮಾಡಿ ನಿಂತಿದ್ದರಿಂದ ನನ್ನ ಕಣ್ಣು ಯಾರಿಗೂ ಕಾಣಲಿಲ್ಲ. ಈ ಊರು ನನಗೆ ಕೊಟ್ಟದ್ದರಲ್ಲಿ ಆ ನಾಲ್ಕನ್ನು ನಾನು ಎಲ್ಲಕ್ಕಿಂತ ದೊಡ್ಡದಾಗಿ ಇಟ್ಟುಕೊಂಡಿದ್ದೇನೆ.

ಆ ತಿಂಗಳ ಕೊನೆಯಲ್ಲಿ ರಜೆ ಹಾಕಿ ಅಕ್ಕನ ಮನೆಗೆ ಹೋದೆ. ಬಿಸಿಲು ಬೆನ್ನಿಗೆ ಬಿದ್ದಾಗ ಮೈಯೊಳಗಿನ ಎರಡೂವರೆ ವರ್ಷದ ತೇವವೆಲ್ಲ ಆರಿದಂತಾಯಿತು. ಅಕ್ಕ ಬಡಿದ ರೊಟ್ಟಿ, ಪುಂಡಿಪಲ್ಯೆ, ಎಣ್ಣೆ ಹಾಕಿದ ಚಟ್ನಿಪುಡಿ. ನಾಲ್ಕು ದಿನ ಹೊಟ್ಟೆ ಬಿರಿಯೆ ಉಂಡೆ. ಆದರೆ ಸಂಜೆಯಾದರೆ ಯಾಕೋ ಕಿವಿ ಮಳೆಯ ಸದ್ದು ಹುಡುಕುತ್ತಿತ್ತು. “ಎಂತ” ಎಂದು ಬಾಯಿ ತಪ್ಪಿ ಅಂದರೆ ಅಕ್ಕ ನಕ್ಕು ನಕ್ಕು ಸಾಕಾಗುತ್ತಿದ್ದಳು. ಹೊರಡುವ ದಿನ ಬಸ್ ಸ್ಟ್ಯಾಂಡಿನವರೆಗೂ ಬಂದು, ಹಿಟ್ಟಿನ ಗಂಟನ್ನು ಈ ಸಲ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಟ್ಟಳು.

ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಹಿರಿಯರು ಕೇಳಿದರು, “ಎಲ್ಲಿಗೆ ಹೊಂಟೀರಿ ತಮ್ಮಾ?”

“ಊರಿಗ್ರಿ,” ಎಂದೆ.

ಅಂದ ಮೇಲೆ ಕಿಟಕಿಯ ಕಡೆ ತಿರುಗಿದೆ. ಐದಾರು ದಿನದ ಹಿಂದೆ ಮಡಿಕೇರಿಯಲ್ಲಿ ಬಸ್ಸು ಹತ್ತುವಾಗ ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದ್ದಕ್ಕೂ ನಾನು ಇದನ್ನೇ ಹೇಳಿದ್ದೆ. ಎರಡು ಸಲವೂ ಸುಳ್ಳು ಹೇಳಿರಲಿಲ್ಲ.