ಅಕ್ಕೋರ ಮುಯ್ಯಾಳು

ಹೊಸಪೇಟೆಯಲ್ಲಿ ನಮಗೆ ಕಂಪ್ಯೂಟರ್ ಟೈಪಿಂಗ್ ಕಲಿಸಿದ ಅಕ್ಕೋರು ಬುಕ್ಕಸಾಗರದವರು. ಪಾಠಕ್ಕೆ ಮೊದಲು ಯಂತ್ರಗಳ ಮೇಲಿನ ಕೆಂಪು ಧೂಳನ್ನು ಸೆರಗಿನಿಂದ ಒರೆಸುತ್ತಿದ್ದರು. ಹೊಸದಾಗಿ ಬಂದಿದ್ದ, ಒಟ್ಟಿಗೇ ನಾಲ್ಕು ಕೆಲಸ ಮಾಡಬಲ್ಲ ನಾಲ್ಕು ಕೋರಿನ ಕಂಪ್ಯೂಟರಿನಲ್ಲಿ ನಮ್ಮ ಟೈಪಿಂಗಿಗೆ ಒಂದೇ ಕೋರು ಸಾಕಿತ್ತು. ಉಳಿದ ಮೂರನ್ನು ಅವರು ಇಂಟರ್ನೆಟ್ ಮೂಲಕ, ಮಲೇರಿಯಾಕ್ಕೆ ಮದ್ದು ಹುಡುಕುವ ಯಾವುದೋ ದೇಶದ ವಿಜ್ಞಾನಿಗಳ ಲೆಕ್ಕಕ್ಕೆ ಬಿಟ್ಟಿದ್ದರು. ಕೇಳಿದರೆ, “ನಾಟಿಗೆ ಒಬ್ಬರ ಹೊಲಕ್ಕ ಒಬ್ರು ಮುಯ್ಯಾಳು ಹೋಗೂದಿಲ್ಲೇನು, ಹಂಗ ಇದು. ಖಾಲಿ ಕುಂದ್ರಬಾರ್ದು,” ಎನ್ನುತ್ತಿದ್ದರು. ಬೆರಳು ನಿಲ್ಲಿಸಿದ ನಮಗೂ ಅದೇ ಮಾತು.

ಆ ವರ್ಷ ಆಯುಧ ಪೂಜೆಯ ದಿನ, ಎಂಟು ದಿನದಿಂದ ನಡೆದಿದ್ದ ಒಂದು ಲೆಕ್ಕ ಸಂಜೆಯೊಳಗೆ ಆ ವಿಜ್ಞಾನಿಗಳಿಗೆ ತಲುಪದಿದ್ದರೆ ವ್ಯರ್ಥವಾಗುತ್ತಿತ್ತು. ಟೈಪಿಂಗ್ ಕೇಂದ್ರದ ಮಾಲೀಕರು ಪೂಜೆಗೆಂದು ಯಂತ್ರ ಆರಿಸಲು ಬಂದರು.

“ಪೂಜಿ ದಿನ ಆಯುಧ ದುಡೀಬಾರ್ದವ್ವಾ.”

ಅಕ್ಕೋರು ಕಿಟಕಿ ತೆರೆದರು. ಹಾರ ಹಾಕಿಕೊಂಡ ಅದಿರಿನ ಲಾರಿಗಳು ಸಾಲಾಗಿ ಹೋಗುತ್ತಿದ್ದವು. “ಮೊದ್ಲು ಅವನ್ನ ನಿಲ್ಲಿಸಿ ಬರ್ರಿ. ಇದನ್ನ ನಾನ ಆರಿಸ್ತೀನಿ.”

ಮಾಲೀಕರು ಕುಂಕುಮದ ಬಟ್ಟಲನ್ನು ಮೇಜಿನ ಮೇಲಿಟ್ಟು ಹೋದರು. ಅಕ್ಕೋರು ಊಟಕ್ಕೂ ಏಳಲಿಲ್ಲ. ನಾಲ್ಕೂವರೆಗೆ ಲೆಕ್ಕ ತಲುಪಿತು. ತಾವೇ ಯಂತ್ರ ಆರಿಸಿ, ಇನ್ನೂ ಬಿಸಿಯಿದ್ದ ಸಿಪಿಯುಗೆ ಕುಂಕುಮ ಹಚ್ಚಿ ಮೆಲ್ಲಗೆ ಅಂದರು: “ಇನ್ನ ಕುಂದ್ರವ್ವಾ.”