ದುರುಗಮ್ಮನ ಫೋಟೊ ಮೇಲಿನ ಗೆರೆಗಳು

ಎರಡು ವರ್ಷದ ಹಿಂದಿನ ಮಾತು. ಆಗಲೂ ಈಗಿನಂತೆಯೇ ನಾನು ಸಿಂಧನೂರಿನಲ್ಲಿ ಪ್ರಿಂಟರ್ ಸರ್ವಿಸ್ ಇಂಜಿನಿಯರ್. ಲಿಂಗಸುಗೂರು, ಮಸ್ಕಿ ಕಡೆಯ ಸ್ಟುಡಿಯೋಗಳ ಇಂಕ್‌ಜೆಟ್ ಯಂತ್ರಗಳೂ ನನ್ನ ಪಾಲಿಗೇ ಬರುತ್ತವೆ. ಕೆಟ್ಟ ಯಂತ್ರ ಕಂಡರೆ ನನಗೆ ಸಿಟ್ಟು ಬರುವುದಿಲ್ಲ. ತಾವೇ ಕೆಡಿಸಿ, ಕೆಟ್ಟೇ ಇಲ್ಲವೆಂದು ವಾದಿಸುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಮಸ್ಕಿಯ ಸ್ಟುಡಿಯೋ ಮಾಲೀಕ ಮಲ್ಲಣ್ಣ ಅಂಥವರಲ್ಲಿ ಒಬ್ಬ.

ಕಡುಬೇಸಿಗೆ. ಅವನ ಲ್ಯಾಮಿನೇಷನ್ ಯಂತ್ರ ನೋಡಲೆಂದು ಹೋಗಿದ್ದೆ. ಒಳಗೆ ಕಾಲಿಟ್ಟರೆ ಜಗಳ. ಕೌಂಟರಿನ ಮುಂದೆ ಸುಜಾತಾ ನಿಂತಿದ್ದರು. ಲಿಂಗಸುಗೂರಿನಲ್ಲಿ ನರ್ಸ್, ತವರು ಪಾಮನಕಲ್ಲೂರು. ಆ ವಾರವಷ್ಟೇ ಅವರ ತಾಯಿ ದುರುಗಮ್ಮ ತೀರಿಕೊಂಡಿದ್ದರು. ಮರುದಿನ ಮನೆಯಲ್ಲಿ ಆಕೆಯ ನೆನಪಿಗೆ ಬುದ್ಧವಂದನೆಯ ಪ್ರಾರ್ಥನೆ. ಅಲ್ಲಿಡಲು ತಾಯಿಯ ದೊಡ್ಡ ಫೋಟೊ ಬೇಕಿತ್ತು. ಇದ್ದದ್ದು ಒಂದೇ ಫೋಟೊ, ತುರ್ವಿಹಾಳದ ಕಡೆ ಭತ್ತದ ನಾಟಿಗೆ ಹೋದಾಗ ಯಾರೋ ತೆಗೆದ ಕಪ್ಪು-ಬಿಳುಪು ಚಿತ್ರ. ಮಲ್ಲಣ್ಣ ಅದನ್ನು ಹಿಗ್ಗಿಸಿ ಕೊಟ್ಟಿದ್ದ ಪ್ರಿಂಟಿನಲ್ಲಿ ಆಕೆಯ ಮುಖ ಸುಣ್ಣ ಬಳಿದ ಗೋಡೆಯಂತಿತ್ತು.

"ಇದು ಯಾರ್ರೀ?" ಸುಜಾತಾ ಕೇಳುತ್ತಿದ್ದರು. "ನಮ್ಮವ್ವ ಕರ್ರಗಿದ್ಲು. ಬಿಸಿಲಾಗ ದುಡದಾಕಿ. ನನಗ ನಮ್ಮವ್ವ ಬೇಕು."

"ಅಕ್ಕೋರ, ಮಾರಿ ಸಾಫ್ ಮಾಡೀನ್ರಿ. ಎಲ್ಲಾರೂ ಹಂಗ ಮಾಡಸ್ತಾರ. ಫೋಟೊ ಹಳೇದು, ಹಂಗ ಬಿಟ್ರ ಗೆರಿ ಬೀಳ್ತಾವ" ಎಂದ ಮಲ್ಲಣ್ಣ.

ಸಾಫ್ ಎಂದರೆ ಸ್ವಚ್ಛ. ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಆ ಮಾತಿಗೆ ಬೆಳ್ಳಗೆ ಎಂಬ ಅರ್ಥ ಬಂದುಬಿಟ್ಟಿದೆ. ಮದುಮಗಳ ಮುಖ ಸಾಫ್, ಶಾಲೆ ಮಕ್ಕಳ ಮುಖ ಸಾಫ್, ಸತ್ತವರನ್ನೂ ಬಿಡುವುದಿಲ್ಲ. ಕಪ್ಪು ಎಂದರೆ ಕೊಳೆ ಎಂದು ಇವರಿಗೆ ಯಾವ ಪುಣ್ಯಾತ್ಮ ಹೇಳಿಕೊಟ್ಟನೋ!

ಗೆರೆ ಎಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ಬಿಳಿ ಮಾಡುವ ಮೊದಲಿನ ಪ್ರಿಂಟ್ ಕೇಳಿದೆ. ಕಸದ ಬುಟ್ಟಿಯಿಂದ ಎತ್ತಿ ಕೊಟ್ಟ. ಹಣೆಯಿಂದ ಗದ್ದದವರೆಗೆ ಅಡ್ಡಡ್ಡ ಕಪ್ಪು ಗೆರೆ. ಸ್ಕ್ಯಾನ್ ಮಾಡಿದ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದರೆ ಅಲ್ಲಿ ಒಂದು ಗೆರೆಯೂ ಇರಲಿಲ್ಲ.

ಇದಕ್ಕೆ ಬ್ಯಾಂಡಿಂಗ್ ಎನ್ನುತ್ತಾರೆ. ಇಂಕ್‌ಜೆಟ್‌ನ ಹೆಡ್ ಅತ್ತಿಂದಿತ್ತ ಓಡಿ ಒಂದು ಪಟ್ಟಿ ಮುದ್ರಿಸಿದ ಮೇಲೆ ರೋಲರ್ ಕಾಗದವನ್ನು ಅಳತೆಗೆ ಸರಿಯಾಗಿ ಮುಂದೆ ತಳ್ಳಬೇಕು. ಕಡಿಮೆ ತಳ್ಳಿದರೆ ಪಟ್ಟಿಯ ಮೇಲೆ ಪಟ್ಟಿ ಬಿದ್ದು ಕಪ್ಪು ಗೆರೆ, ಹೆಚ್ಚು ತಳ್ಳಿದರೆ ನಡುವೆ ಬಿಳಿ ಗೆರೆ. ಬಣ್ಣದ ಫೋಟೊದಲ್ಲಿ ಅಷ್ಟಾಗಿ ಕಣ್ಣಿಗೆ ಬೀಳದು. ಕಪ್ಪು-ಬಿಳುಪಿನ ಗಾಢ ಬೂದು ಛಾಯೆಯಲ್ಲಿ ಎದ್ದು ಕಾಣುತ್ತದೆ. ಕಪ್ಪು ಮೈಬಣ್ಣ ಮೂಡುವುದು ಆ ಛಾಯೆಯಲ್ಲೇ.

ಮೊದಲು ನಾಝಲ್ ಚೆಕ್ ಮಾಡಿದೆ, ಅಂದರೆ ಇಂಕು ಉಗುಳುವ ಸೂಕ್ಷ್ಮ ರಂಧ್ರಗಳ ಪರೀಕ್ಷೆ. ಯಾವುದೂ ಕಟ್ಟಿರಲಿಲ್ಲ. ಹಾಗಾದರೆ ದೋಷ ಕಾಗದ ಸಾಗುವ ದಾರಿಯಲ್ಲಿದೆ. ಮುಚ್ಚಳ ತೆಗೆದು ರೋಲರ್ ಮೇಲೆ ಬೆರಳಾಡಿಸಿದರೆ ಬೆರಳು ಬೆಳ್ಳಗಾಗಿ ಘಮ್ಮೆಂದಿತು.

"ಏನಿದು ಮಲ್ಲಣ್ಣ?"

"ಪೌಡರ್ ರೀ. ಕ್ಯಾರಂ ಬೋರ್ಡಿಗಿ ಹಾಕಂಗಿಲ್ಲೇನ್ರಿ? ಕಾಗದ ಅಂಟಿಕೊಂಡು ಎರಡೆರಡು ಬರಾಕತ್ತಿದ್ವು. ಸಲೀಸ್ ಹೋಗಲಿ ಅಂತ ಹಾಕೀನಿ."

ಕಾಗದ ಯಾಕೆ ಅಂಟುತ್ತದೆ ಎಂಬುದಕ್ಕೆ ಉತ್ತರ ಎದುರಿಗೇ ಭರ್ರೆನ್ನುತ್ತಿತ್ತು. ಯಂತ್ರಕ್ಕೆ ಸೆಖೆಯಾಗದಿರಲೆಂದು ನೀರಿನ ಕೂಲರನ್ನು ಪ್ರಿಂಟರಿನ ಕಡೆಗೇ ತಿರುಗಿಸಿಟ್ಟಿದ್ದ. ಆ ತೇವಕ್ಕೆ ಹಾಳೆಗಳು ಡೊಂಕಾಗಿ ಒಂದಕ್ಕೊಂದು ಅಂಟುತ್ತಿದ್ದವು. ಅಂಟದಿರಲೆಂದು ಪೌಡರ್. ಪೌಡರಿನಿಂದ ರೋಲರಿನ ಹಿಡಿತ ತಪ್ಪಿ, ಕಾಗದ ಜಾರಿ ಗೆರೆ. ಗೆರೆ ಮುಚ್ಚಲು ದುರುಗಮ್ಮನ ಮುಖಕ್ಕೆ ಬಿಳಿ. ನನಗೆ ತಡೆಯಲಾಗಲಿಲ್ಲ.

"ಸಾಫ್ ಆಗಬೇಕಾಗಿದ್ದು ನಿನ್ನ ರೋಲರ್ ಲೇ! ಆ ತಾಯಿ ಮಾರಿಗೆ ಯಾಕ ಕೈ ಹಚ್ಚಿದಿ?"

ಮಲ್ಲಣ್ಣ ಮುಖ ಗಂಟಿಕ್ಕಿ ಪೌಡರ್ ಡಬ್ಬಿಯನ್ನು ಕೌಂಟರಿನ ಕೆಳಗೆ ತಳ್ಳಿದ. ನಾನು ಕೂಲರ್ ಆರಿಸಿದೆ. ನೂಲು ಬಿಡದ ಬಟ್ಟೆ ಒದ್ದೆ ಮಾಡಿ ಹಿಂಡಿ, ರೋಲರ್ ತಿರುಗಿಸುತ್ತ ಪೌಡರ್ ಪೂರ್ತಿ ಹೋಗುವವರೆಗೆ ಒರೆಸಿ ಒಣಗಲು ಬಿಟ್ಟೆ. ಬಿಚ್ಚದ ಪ್ಯಾಕಿನಿಂದ ಕಾಗದ ತೆಗೆದು ಒಂದೊಂದೇ ಹಾಳೆ ಹಾಕಿದೆ. ಸೆಟ್ಟಿಂಗಿನಲ್ಲಿ ಸಾದಾ ಕಾಗದ ಎಂದಿತ್ತು, ಅದೂ ಒಂದು ಅಧ್ವಾನ! ಮ್ಯಾಟ್ ಫೋಟೊ ಕಾಗದ ಎಂದು ಬದಲಿಸಿ, ಹೆಡ್ ಒಂದೇ ದಿಕ್ಕಿನಲ್ಲಿ ಓಡುವಾಗ ಮಾತ್ರ ಮುದ್ರಿಸುವಂತೆ ಹೈಸ್ಪೀಡ್ ತೆಗೆದೆ. ಬಳಿಕ ಬಿಳಿಯಿಂದ ಕಪ್ಪಿನವರೆಗಿನ ಬೂದು ಪಟ್ಟಿ ಮುದ್ರಿಸಿ ನೋಡುತ್ತ, ಕಾಗದ ತಳ್ಳುವ ಅಳತೆಯನ್ನು ಫೀಡ್ ಅಡ್ಜಸ್ಟ್‌ಮೆಂಟ್‌ನಲ್ಲಿ ಸರಿಮಾಡಿದೆ. ಗೆರೆಗಳು ತೆಳುವಾಗುತ್ತ ಹೋಗಿ ಕಾಣದಾದವು.

ಆಮೇಲೆ ಏನೂ ತಿದ್ದದ ಸ್ಕ್ಯಾನನ್ನು ಮುದ್ರಣಕ್ಕೆ ಕಳಿಸಿದೆ. ಹಣೆ ಬಂತು, ಕಣ್ಣು ಬಂದವು. ಸುಜಾತಾ ಬಗ್ಗಿ ನಿಂತು ನೋಡುತ್ತಿದ್ದರು. ಗದ್ದ ಮೂಡಿದಾಗ ಅದರ ನಡುವೆ ಒಂದು ಹಚ್ಚೆಯ ಚುಕ್ಕಿ ಕಂಡಿತು. ಮಲ್ಲಣ್ಣನ ಬಿಳಿ ಪ್ರಿಂಟಿನಲ್ಲಿ ಅದು ಅಳಿಸಿಯೇ ಹೋಗಿತ್ತು.

"ಹಚ್ಚಿ ಬೊಟ್ಟು ಬಂತು" ಎಂದರು ಸುಜಾತಾ. "ಸಣ್ಣಾಕಿದ್ದಾಗ ಅದನ್ನ ಮುಟ್ಟಿಕೋತ ಮಲಗತಿದ್ದೆ ರೀ." ಮುಟ್ಟಲು ಬೆರಳು ಚಾಚಿದವರು, ಇಂಕು ಇನ್ನೂ ಹಸಿ ಇದ್ದೀತೆಂದು ಕೈ ಹಿಂದಕ್ಕೆ ತೆಗೆದುಕೊಂಡು ಅತ್ತುಬಿಟ್ಟರು.

ಮಲ್ಲಣ್ಣ ಹಿಂದಿನಿಂದ ಇಣುಕಿದ. "ಚೊಲೋ ಬಂತ್ರಿ. ಇನ್ನೊಂದೀಟು ಸಾಫ್ ಮಾಡಿದ್ರ..." ನಾನು ತಿರುಗಿ ನೋಡಿದ ನೋಟಕ್ಕೆ ಮಾತು ಅಲ್ಲೇ ನಿಂತಿತು.

ಯಂತ್ರದ ಕೈಲಾಗದ್ದನ್ನು ಮನುಷ್ಯರ ಮುಖದ ಮೇಲೆ ಹೊರಿಸಬಾರದು ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ. ಈಗ ಯಾವ ಸ್ಟುಡಿಯೋಗೆ ಹೋದರೂ ಮೊದಲು ಗಾಢ ಬೂದಿನ ಒಂದು ಪಟ್ಟಿ ಮುದ್ರಿಸಿ ನೋಡುತ್ತೇನೆ. ಅದು ಸರಿಯಾಗಿ ಬರುವವರೆಗೆ, ಮಾಲೀಕ ಎಷ್ಟೇ ಗೊಣಗಲಿ, ಯಾರ ಮುಖಕ್ಕೂ ಕೈ ಹಚ್ಚಗೊಡುವುದಿಲ್ಲ.